ನಾಲ್ಕು ಕವಡೆ, ಆರು ಬಟ್ಟಲು ಮಜ್ಜಿಗೆ

ಒಬ್ಬ ವೀರನಿದ್ದಾನೆ. ಅವನ ಕೈಯಲ್ಲಿ ಖಡ್ಗವಿಲ್ಲ. ಅದನ್ನು ಮನೆಯಲ್ಲಿಯೇ ಮರೆತು ಬಂದಿದ್ದಾನೆ. ತಲೆಯ ಮೇಲೊಂದು ಗಡಿಗೆ. ಅದರಲ್ಲಿ ಆರು ಬಟ್ಟಲು ಮಜ್ಜಿಗೆ. ಯಾದಗಿರಿಯ ರೈಲು ನಿಲ್ದಾಣದಲ್ಲಿಳಿದ ಈ ಮಹಾನುಭಾವನು ಭೀಮಾ ನದಿಯನ್ನು ದಾಟಿ, ಶಹಾಪುರದ ಬೆಟ್ಟದ ಅಡಿಯಲ್ಲಿ ಹಾದು, ಹೊತ್ತು ಮುಳುಗುವುದರೊಳಗೆ ಸುರಪುರದ ಅತ್ತೆಮನೆಯನ್ನು ಸೇರಬೇಕು. ಸೇರಿದಾಗ ಗಡಿಗೆಯಲ್ಲಿ ಒಂದು ಬಟ್ಟಲು ಮಜ್ಜಿಗೆಯಾದರೂ ಉಳಿದಿರಬೇಕು. ಕಾಲ ವೈಶಾಖ ಮಾಸ. ಆ ಸೀಮೆಯ ಬಿಸಿಲನ್ನು ಬಲ್ಲವರಿಗೆ ಮಜ್ಜಿಗೆಯ ಬೆಲೆಯನ್ನು ನಾವು ಹೇಳಬೇಕಾಗಿಲ್ಲ. ಸಾಲದುದಕ್ಕೆ ದಾರಿಯಲ್ಲಿ ಬೇತಾಳಗಳೂ ಭೂತಗಳೂ ಬಾಯಾರಿಕೊಂಡು ಕುಳಿತಿವೆ.

ಇದು ಅಜ್ಜಿಯ ಕಥೆಯಲ್ಲ, ಒಂದು ಆಟ. ಇದಕ್ಕೆ ಬೇಕಾದುದು ನಾಲ್ಕು ಕವಡೆ, ಒಂದು ಹಾಳೆ ಕಾಗದ, ಒಂದು ಸೀಸದ ಕಡ್ಡಿ ಮತ್ತು ಅರ್ಧ ಗಂಟೆಯ ಬಿಡುವು. ಇಂತಹ ಆಟಗಳನ್ನು ಲೋಕದಲ್ಲಿ ‘ರೋಲ್ ಪ್ಲೇಯಿಂಗ್ ಗೇಮ್’ ಎಂದು ಕರೆಯುತ್ತಾರೆ. ನಾವು ‘ಪಾತ್ರದಾಟ’ ಎನ್ನೋಣ. ಮೇಲೆ ಹೇಳಿದ ಮಜ್ಜಿಗೆಯ ಆಟವು ನಾವೇ ಕಟ್ಟಿಕೊಂಡದ್ದು. ಇಂತಹ ಕಿರಿದಾದ, ನಗಿಸುವ ಆಟಗಳು ಒಳಗೆ ಹೇಗೆ ನಡೆಯುತ್ತವೆ, ಅವುಗಳಲ್ಲಿ ನಗೆಗೆ ಏಕೆ ಅಷ್ಟು ದೊಡ್ಡ ಸ್ಥಾನ ಎಂಬುದನ್ನು ತೋರಿಸಲು ಕೈಗೆಟಕುವ ಒಂದು ಉದಾಹರಣೆ ಬೇಕಾಗಿತ್ತು.

ಪಾತ್ರದಾಟದ ತಿರುಳು ಸರಳವಾದುದು. ಆಡುವವರಲ್ಲಿ ಒಬ್ಬನು ಕಥೆಯ ಸೂತ್ರವನ್ನು ಹಿಡಿಯುತ್ತಾನೆ. ಉಳಿದವರು ಒಂದೊಂದು ಪಾತ್ರವನ್ನು ವಹಿಸುತ್ತಾರೆ. ‘ನಿನ್ನ ಮುಂದೆ ಹೊಳೆ ಬಂದಿದೆ, ಏನು ಮಾಡುವೆ?’ ಎಂದು ಮೊದಲನೆಯವನು ಕೇಳುತ್ತಾನೆ. ಪಾತ್ರಧಾರಿಯು ತನಗೆ ತೋಚಿದುದನ್ನು ಹೇಳುತ್ತಾನೆ. ಅದು ಕೈಗೂಡಿತೇ ಇಲ್ಲವೇ ಎಂಬುದನ್ನು ದಾಳವು ನಿರ್ಣಯಿಸುತ್ತದೆ. ದೊಡ್ಡಾಟವನ್ನು ಕಂಡವರಿಗೆ ಇದರ ಅರ್ಧ ಭಾಗವು ಹೊಸತೇನೂ ಅಲ್ಲ. ರಂಗಕ್ಕೆ ಬಂದ ಪಾತ್ರವನ್ನು ಸಾರಥಿಯು ತಡೆದು ನಿಲ್ಲಿಸಿ, ನೀವು ಯಾರು, ಎಲ್ಲಿಂದ ಬಂದಿರಿ ಎಂದು ಕೇಳಿ, ನಡುನಡುವೆ ಹಾಸ್ಯದ ಮಾತನ್ನೂ ಸೇರಿಸಿ ಕಥೆಯನ್ನು ಮುಂದಕ್ಕೆ ತಳ್ಳುವುದಿಲ್ಲವೇ? ಆ ಸಾರಥಿಯ ಕೈಗೆ ಕವಡೆಗಳನ್ನು ಕೊಟ್ಟು, ‘ಇಂದು ರಾವಣನು ಗೆದ್ದರೂ ಗೆಲ್ಲಬಹುದು’ ಎಂದರೆ ಅದೇ ಪಾತ್ರದಾಟ.

ಇದರ ವಂಶಾವಳಿಯು ಯುದ್ಧದಿಂದ ಆರಂಭವಾಗುತ್ತದೆ. ಪ್ರಷ್ಯಾ ದೇಶದಲ್ಲಿ ರೈಸ್‌ವಿಟ್ಸ್ ಎಂಬ ತಂದೆಯೂ ಅವನ ಮಗನೂ 1812 ಮತ್ತು 1824ರಲ್ಲಿ ಸೈನ್ಯಾಧಿಕಾರಿಗಳ ತರಬೇತಿಗಾಗಿ ಯುದ್ಧದಾಟವೊಂದನ್ನು ರೂಪಿಸಿದರು. ಗುಂಡಿನ ದಾಳಿಯಲ್ಲಿ ಎಷ್ಟು ಜನ ಬಿದ್ದರೆಂಬುದನ್ನು ಅದರಲ್ಲಿ ದಾಳದಿಂದ ತಿಳಿಯುತ್ತಿದ್ದರು. ಒಂದೂವರೆ ಶತಮಾನದ ತರುವಾಯ, 1974ರಲ್ಲಿ, ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಸೈನ್ಯವನ್ನು ಬಿಟ್ಟು ಒಬ್ಬೊಬ್ಬ ಸಾಹಸಿಯನ್ನೇ ಆಟದ ಕಾಯಿಯಾಗಿ ಮಾಡಿ, ಶತ್ರುವಿನ ಸ್ಥಾನದಲ್ಲಿ ರಾಕ್ಷಸರನ್ನೂ ಮಾಂತ್ರಿಕರನ್ನೂ ನಿಲ್ಲಿಸಿದರು. ಅವರ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟವೇ ಈ ಬಗೆಯ ಆಟಗಳಿಗೆಲ್ಲ ಮೂಲಪುರುಷ. ನಮ್ಮ ನಾಡೂ ಆಟ ಕಟ್ಟುವ ವಿದ್ಯೆಯಲ್ಲಿ ಬಡದಾಗಿರಲಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ‘ಶ್ರೀತತ್ತ್ವನಿಧಿ’ಯ ಒಂದು ಭಾಗವನ್ನೇ, ‘ಕೌತುಕನಿಧಿ’ ಎಂಬ ಹೆಸರಿನಿಂದ, ಆಟಗಳಿಗಾಗಿ ಮೀಸಲಿಟ್ಟರು. ಹೊಸ ಹೊಸ ಗಂಜೀಫಾ ಎಲೆಗಳನ್ನೂ ಕಲ್ಪಿಸಿದರು. ಆದರೆ ಅರಸರ ಆಟಗಳು ಅರಸರ ಬಿಡುವಿಗೆ ತಕ್ಕವು.

ಅಮೆರಿಕದ ಆ ಆಟವೂ ಹಾಗೆಯೇ. ನಿಯಮಗಳ ಪುಸ್ತಕಗಳು ದಪ್ಪ. ಕೆಲವರ ಆಟಗಳು ವರುಷಗಟ್ಟಲೆ ಮುಗಿಯುವುದಿಲ್ಲ. ಇದಕ್ಕೆ ಪ್ರತಿಯಾಗಿ, ದೊಡ್ಡ ಸಂಸ್ಥೆಗಳ ಹಂಗಿಲ್ಲದೆ ಒಬ್ಬರೋ ಇಬ್ಬರೋ ತಾವೇ ಮಾಡಿ ಹಂಚುವ ಚಿಕ್ಕ ಆಟಗಳು ಇತ್ತೀಚಿನ ದಶಕಗಳಲ್ಲಿ ಹುಟ್ಟಿವೆ. ‘ಇಂಡೀ’ ಆಟಗಳೆಂದು ಹೇಳುವುದು ಇವುಗಳನ್ನೇ. ಜಾನ್ ಹಾರ್ಪರ್ ಎಂಬಾತನು 2013ರಲ್ಲಿ ಪ್ರಕಟಿಸಿದ ‘ಲೇಸರ್ಸ್ ಅಂಡ್ ಫೀಲಿಂಗ್ಸ್’ ಎಂಬ ಅಂತರಿಕ್ಷದ ಆಟದ ಎಲ್ಲ ನಿಯಮಗಳೂ ಒಂದೇ ಪುಟದಲ್ಲಿ ಅಡಗುತ್ತವೆ. ಪಾತ್ರಕ್ಕೆ ಇರುವುದು ಒಂದೇ ಸಂಖ್ಯೆ, 2ರಿಂದ 5ರೊಳಗೆ. ಬುದ್ಧಿ, ಯಂತ್ರಗಳ ಕೆಲಸವಾದರೆ ದಾಳವು ಆ ಸಂಖ್ಯೆಗಿಂತ ಕಡಮೆ ಬೀಳಬೇಕು. ಮನಸ್ಸು, ಮಾತುಗಳ ಕೆಲಸವಾದರೆ ಹೆಚ್ಚು ಬೀಳಬೇಕು. ಒಂದರಲ್ಲಿ ಜಾಣನಾದವನು ಇನ್ನೊಂದರಲ್ಲಿ ತಾನಾಗಿಯೇ ದಡ್ಡನಾಗುತ್ತಾನೆ! ಗ್ರಾಂಟ್ ಹೌಇಟ್ ಎಂಬಾತನ ‘ಹನಿ ಹೈಸ್ಟ್’ ಎಂಬ ಇನ್ನೊಂದು ಒಂದೇ ಪುಟದ ಆಟದಲ್ಲಿ ಆಡುವವರೆಲ್ಲರೂ ಜೇನು ಕದಿಯಲು ಹೊರಟ ಕರಡಿಗಳು. ಗಣಕಯಂತ್ರದಲ್ಲಿ ಆಡುವ ಆಟಗಳ ಪೈಕಿ 2015ರಲ್ಲಿ ಹೊರಬಂದ ‘ಅಂಡರ್‌ಟೇಲ್’ ಹೆಸರಾದುದು. ಅದನ್ನು ಬಹುಮಟ್ಟಿಗೆ ಟೋಬಿ ಫಾಕ್ಸ್ ಒಬ್ಬನೇ ರಚಿಸಿದನು. ಅದರಲ್ಲಿ ರಾಕ್ಷಸರನ್ನು ಕೊಲ್ಲದೆ, ಮಾತನಾಡಿಸಿ, ನಗಿಸಿ, ಸಮಾಧಾನಪಡಿಸಿಯೂ ದಾಟಿ ಹೋಗಬಹುದು.

ಈ ಚಿಕ್ಕ ಆಟಗಳಲ್ಲಿ ಹಲವು ನಗೆಯಾಟಗಳೇ ಆಗಿರುವುದು ಆಕಸ್ಮಿಕವೆಂದು ನಮಗೆ ತೋರುವುದಿಲ್ಲ. ಅದಕ್ಕೆ ಗಣಿತದಲ್ಲಿಯೇ ಒಂದು ಕಾರಣವುಂಟು. ಅದನ್ನು ಕಾಣಲು ಕವಡೆಗಳ ಬಳಿಗೆ ಹೋಗೋಣ.

ಚೌಕಾಬಾರಾ ಆಡಿದವರೆಲ್ಲರೂ ಬಲ್ಲಂತೆ, ನಾಲ್ಕು ಕವಡೆಗಳನ್ನು ಎಸೆದಾಗ ಅಂಗಾತ ಬಿದ್ದವುಗಳನ್ನು ಎಣಿಸಬೇಕು. ನಾಲ್ಕೂ ಅಂಗಾತವಾದರೆ ಚೌಕ. ನಾಲ್ಕೂ ಬೋರಲಾದರೆ ಸೊನ್ನೆಯಲ್ಲ, ಎಂಟು, ಅದೇ ಬಾರಾ. ಒಂದೊಂದು ಕವಡೆಗೂ ಎರಡು ಬಗೆ. ನಾಲ್ಕಕ್ಕೆ ಎರಡೆರಡಲೆ ನಾಲ್ಕು, ಎಂಟು, ಹದಿನಾರು ಬಗೆ. ಎರಡು ಕಡೆಗೂ ಸಮನಾಗಿ ಬೀಳುವ ಕವಡೆಯಾದರೆ, ಆ ಹದಿನಾರರಲ್ಲಿ ಒಂದು ಅಂಗಾತ ಬೀಳುವ ಬಗೆಗಳು 4, ಎರಡು ಬೀಳುವವು 6, ಮೂರು ಬೀಳುವವು 4. ಚೌಕಕ್ಕೆ 1, ಬಾರಾಕ್ಕೆ 1. ಚೌಕ, ಬಾರಾಗಳಿಗೆ ನಮ್ಮ ಹಿರಿಯರು ಹೆಚ್ಚಿನ ಬೆಲೆಯನ್ನೂ ಮರಳಿ ಎಸೆಯುವ ಹಕ್ಕನ್ನೂ ಕೊಟ್ಟದ್ದು ಈ ಅಪೂರ್ವತೆಯನ್ನು ಅರಿತೇ ಇರಬೇಕು.

ನಮ್ಮ ಮಜ್ಜಿಗೆಯ ಆಟದ ನಿಯಮ ಇಷ್ಟೇ. ವೀರನಿಗೆ ಎರಡು ಗುಣ: ತೋಳು ಮತ್ತು ನಾಲಗೆ. ಇವೆರಡರಲ್ಲಿ ಯಾವುದು ತನ್ನ ಬಲವೆಂಬುದನ್ನು ಆಡುವವನು ಮೊದಲೇ ಆರಿಸಿಕೊಳ್ಳಬೇಕು. ಬಲವಾದ ಗುಣದಿಂದ ಮಾಡುವ ಕೆಲಸಕ್ಕೆ ಎರಡು ಅಥವಾ ಹೆಚ್ಚು ಕವಡೆ ಅಂಗಾತ ಬಿದ್ದರೆ ಸಾಕು. ಇದು ಹದಿನಾರರಲ್ಲಿ ಹನ್ನೊಂದು ಸಲ, ಎಂದರೆ ನೂರಕ್ಕೆ ಸುಮಾರು 69 ಸಲ ಆಗುತ್ತದೆ. ಇನ್ನೊಂದು ಗುಣದಿಂದಾದರೆ ಮೂರು ಅಥವಾ ಹೆಚ್ಚು ಬೀಳಬೇಕು. ಅದು ಹದಿನಾರರಲ್ಲಿ ಐದೇ ಸಲ. ಪ್ರತಿಯೊಂದು ಸೋಲಿಗೂ ಒಂದು ಬಟ್ಟಲು ಮಜ್ಜಿಗೆ ಹೋಗುತ್ತದೆ. ಊರಿಗೆ ನಾಲ್ಕು ಗರದಂತೆ ಮೂರು ಊರಿಗೆ ಹನ್ನೆರಡು ಗರ, ಆಟ ಮುಗಿಯಿತು. ಬಾರಾ ಬಿದ್ದರೆ ಮಾತ್ರ ಒಂದು ವಿಶೇಷ. ಮಜ್ಜಿಗೆಯು ಹೋಗುವುದು ಹೋಗಿಯೇ ಹೋಗುತ್ತದೆ, ಆದರೆ ಹೇಗೆ ಹೋಯಿತೆಂಬುದನ್ನು ಹೇಳುವ ಹಕ್ಕು ಸೂತ್ರಧಾರನದಲ್ಲ, ಸೋತವನದು. ಅವನು ಹೇಳಿದ್ದೇ ಕಥೆ.

ಗಡಿಗೆಯಲ್ಲಿ ಆರೇ ಬಟ್ಟಲು ಏಕೆ? ಇದನ್ನು ನಾವು ಕಣ್ಣಂದಾಜಿನಿಂದ ಇಟ್ಟುದಲ್ಲ. ವೀರನು ಸದಾ ತನ್ನ ಬಲವಾದ ಗುಣವನ್ನೇ ಬಳಸುವನೆಂದು ಹಿಡಿದು ಲೆಕ್ಕ ಮಾಡಿದರೆ, ಹನ್ನೆರಡು ಗರಗಳಲ್ಲಿ ಐದು ಅಥವಾ ಕಡಮೆ ಸೋಲುಗಳಾಗುವ ಸಂಭವನೀಯತೆಯು ನೂರಕ್ಕೆ 86. ಗಡಿಗೆಯಲ್ಲಿ ಐದೇ ಬಟ್ಟಲಿದ್ದರೆ ಅತ್ತೆಮನೆ ಸೇರುವ ಸಂಭವನೀಯತೆ 69ಕ್ಕೆ ಇಳಿಯುತ್ತದೆ, ನಾಲ್ಕಿದ್ದರೆ 45ಕ್ಕೆ. ಒಂದು ಬಟ್ಟಲಿನ ವ್ಯತ್ಯಾಸದಿಂದ ಆಟದ ರುಚಿಯೇ ಬದಲಾಗುತ್ತದೆ. ದೊಡ್ಡ ಆಟಗಳಲ್ಲಿ ‘ಪ್ರಾಣಾಂಶ’ವೆಂದು ಪಾತ್ರಗಳಿಗೆ ಕೊಡುವ ಅಂಕಗಳೂ ಇದೇ ಮಜ್ಜಿಗೆಯೇ, ಹೆಸರು ಮಾತ್ರ ಗಂಭೀರ.

ಆದರೆ ಈ ಲೆಕ್ಕವೆಲ್ಲ ನಿಂತಿರುವುದು ಕವಡೆಯು ಎರಡು ಕಡೆಗೂ ಸಮನಾಗಿ ಬೀಳುತ್ತದೆಂಬ ನಂಬಿಕೆಯ ಮೇಲೆ. ಕವಡೆಯು ನಾಣ್ಯವಲ್ಲ. ಅದರ ಬೆನ್ನು ಗುಮ್ಮಟದಂತೆ ಉಬ್ಬಿದೆ, ಬಾಯಿಯ ಕಡೆ ಚಪ್ಪಟೆ. ಒಂದೊಂದು ಕವಡೆಯೂ ಒಂದೊಂದು ಆಕಾರ. ಆಟಕ್ಕಾಗಿ ಬೆನ್ನನ್ನು ತೇಯ್ದ ಕವಡೆಯ ನಡತೆಯೇ ಬೇರೆ. ಕಲ್ಲಿಗೆ ಉಜ್ಜಿ ಎರಡಾಗಿ ಸೀಳಿದ ಹುಣಸೆ ಬೀಜದ ನಡತೆಯೇ ಬೇರೆ. ನಿಮ್ಮ ಮನೆಯ ಕವಡೆಗಳು ನೂರಕ್ಕೆ ಐವತ್ತರ ಬದಲು ನಲವತ್ತು ಸಲ ಮಾತ್ರ ಅಂಗಾತ ಬೀಳುವ ಜಾತಿಯವೆಂದು ಇಟ್ಟುಕೊಳ್ಳಿ. ಹತ್ತರ ವ್ಯತ್ಯಾಸವೇನು ಮಹಾ ಎಂದೆನಿಸಬಹುದು. ಬಾರಾ ಬೀಳುವ ಸಂಭವನೀಯತೆಯು ನೂರಕ್ಕೆ 6ರಿಂದ 13ಕ್ಕೆ ಏರುತ್ತದೆ. ಚೌಕವು 6ರಿಂದ ಎರಡೂವರೆಗೆ ಇಳಿಯುತ್ತದೆ. ಆರು ಬಟ್ಟಲಿನ ನಮ್ಮ ವೀರನು ಸುರಪುರ ಸೇರುವ ಸಂಭವನೀಯತೆಯಂತೂ 86ರಿಂದ 46ಕ್ಕೆ ಕುಸಿಯುತ್ತದೆ! ಅವನಿಗೆ ನ್ಯಾಯ ಸಿಗಬೇಕಾದರೆ ಗಡಿಗೆಗೆ ಇನ್ನೂ ಎರಡು ಬಟ್ಟಲು ತುಂಬಬೇಕು. ಆಗ ಅದು 85ಕ್ಕೆ ಮರಳುತ್ತದೆ. ವಾಚಕರು ತಮ್ಮ ಮನೆಯ ಕವಡೆಗಳನ್ನು ಒಂದೊಂದನ್ನೂ ಇನ್ನೂರು ಸಲ ಎಸೆದು ಬರೆದಿಟ್ಟು ನೋಡಬಹುದು. ರಜೆಯ ದಿನ ಮಕ್ಕಳಿಗೆ ಇದಕ್ಕಿಂತ ಅಗ್ಗದ ಪ್ರಯೋಗಶಾಲೆ ದೊರೆಯಲಾರದು.

ಈಗ ನಗೆಯ ವಿಚಾರ. ಯಾಕೂಬ್ ಬೆರ್ನೂಲಿ ಎಂಬ ಸ್ವಿಸ್ ಗಣಿತಜ್ಞನು ಸಾಧಿಸಿದ, ಅವನು ತೀರಿದ ಮೇಲೆ 1713ರಲ್ಲಿ ಅಚ್ಚಾದ ಒಂದು ಪ್ರಮೇಯವುಂಟು. ಎಸೆತಗಳ ಸಂಖ್ಯೆಯು ಹೆಚ್ಚಿದಷ್ಟೂ ಫಲವು ತನ್ನ ಸಹಜವಾದ ಪ್ರಮಾಣಕ್ಕೆ ಸಮೀಪಿಸುತ್ತದೆ ಎಂಬುದು ಅದರ ಸಾರ. ಸಾವಿರದಿನ್ನೂರು ಗರಗಳ ಆಟದಲ್ಲಿ ನಮ್ಮ ವೀರನು ಸರಾಸರಿ 825 ಸಲ ಗೆಲ್ಲುತ್ತಾನೆ. ಸಾಮಾನ್ಯವಾಗಿ ಆಗುವ ಏರುಪೇರು 16, ಅಂದರೆ ನೂರಕ್ಕೆ ಎರಡು. ಹನ್ನೆರಡು ಗರಗಳ ಆಟದಲ್ಲಿಯೋ ಸರಾಸರಿ ಎಂಟೂಕಾಲು ಗೆಲವು, ಏರುಪೇರು ಒಂದೂವರೆಗೂ ಮಿಗಿಲು; ನೂರಕ್ಕೆ ಹತ್ತೊಂಬತ್ತು. ವರುಷಗಟ್ಟಲೆ ನಡೆಯುವ ಆಟದಲ್ಲಿ ಅದೃಷ್ಟದ ಉಬ್ಬುತಗ್ಗುಗಳು ತಾವಾಗಿಯೇ ಸವೆದು ಸಮತಟ್ಟಾಗುತ್ತವೆ. ಜಾಣನಾದವನಿಗೆ ಕೊನೆಗೆ ಜಾಣ್ಮೆಯ ಫಲ ಸಿಗುತ್ತದೆ. ಅರ್ಧ ಗಂಟೆಯ ಆಟಕ್ಕೆ ಆ ಭಾಗ್ಯವಿಲ್ಲ. ಎಲ್ಲವನ್ನೂ ಸರಿಯಾಗಿ ಮಾಡಿದವನೂ ಸೋಲಬಹುದು, ಸೋಲುತ್ತಾನೆ ಕೂಡ. ಗಂಭೀರವಾದ ಕಥೆಯಲ್ಲಿ ಹೀಗಾದರೆ ಅದು ಅನ್ಯಾಯವೆನಿಸುತ್ತದೆ. ಆಡುವವನು ಸಿಡುಕಿ ಎದ್ದು ಹೋಗುತ್ತಾನೆ. ನಗೆಯ ಕಥೆಯಲ್ಲಿಯೋ ಅದೇ ಸೋಲು ಆ ಸಂಜೆಯ ಅತ್ಯುತ್ತಮ ಗಳಿಗೆಯಾಗುತ್ತದೆ. ಕಿರಿದಾದ ಆಟದಲ್ಲಿ ಹಾಸ್ಯವು ಒಗ್ಗರಣೆಯಲ್ಲ. ಬಂಡಿಯ ಅಚ್ಚಿಗೆ ಹಚ್ಚುವ ಕೀಲೆಣ್ಣೆಯಂತೆ ಅದು ಯಂತ್ರದ ಒಂದು ಭಾಗವೇ ಆಗಿದೆ. ಆಟವನ್ನು ಕಟ್ಟುವವರು ಇದನ್ನು ಲೆಕ್ಕ ಮಾಡಿ ತಿಳಿಯದಿದ್ದರೂ ಕೈಯ ಅನುಭವದಿಂದ ಬಲ್ಲರು.

ಕಥೆಗೆ ಬೇಕಾದ ಸಾಮಗ್ರಿಯನ್ನು ಆ ಮೂರು ಊರುಗಳೇ ಒದಗಿಸುತ್ತವೆ. ಯಾದಗಿರಿಯಲ್ಲಿ ಬೆಟ್ಟದ ಮೇಲಣ ಕೋಟೆಯಿದೆ, ಹತ್ತಿರದಲ್ಲಿಯೇ ಭೀಮೆ. ಶಹಾಪುರದ ಬೆಟ್ಟಸಾಲು ದೂರದಿಂದ ನೋಡಿದರೆ ಮಲಗಿದ ಬುದ್ಧನಂತೆ ಕಾಣುತ್ತದೆ; ಅದರ ಅಡಿಯಲ್ಲಿ ಹಾದು ಹೋಗುವಾಗ ಆಡುವವರೆಲ್ಲರೂ ಪಿಸುಮಾತಿನಲ್ಲಿಯೇ ಮಾತನಾಡಬೇಕೆಂಬುದು ನಮ್ಮ ಆಟದ ಒಂದು ಕಟ್ಟಳೆ. ಅಲ್ಲಿಗೆ ಸಮೀಪದ ವಿಭೂತಿಹಳ್ಳಿಯ ಬಯಲಿನಲ್ಲಿ ಬೃಹತ್ ಶಿಲಾ ಸಂಸ್ಕೃತಿಯ ಜನರು ಬಂಡೆಗಳನ್ನು ಸಾಲುಸಾಲಾಗಿ, ಪಗಡೆಯ ಹಾಸಿನ ಮನೆಗಳಂತೆ, ಲೆಕ್ಕವಿಟ್ಟು ಇರಿಸಿದ್ದಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಸುರಪುರದ ಆಡಳಿತವನ್ನು ನೋಡಿಕೊಂಡಿದ್ದ ಮೆಡೋಸ್ ಟೇಲರ್ ಈ ಸೀಮೆಯ ಇಂತಹ ಶಿಲಾಸ್ಮಾರಕಗಳನ್ನು ಕುರಿತು ಬರೆದನು. ಆ ಸಾಲುಗಳಿಗೂ ಸೂರ್ಯನು ಹುಟ್ಟಿ ಮುಳುಗುವ ದಿಕ್ಕುಗಳಿಗೂ ಸಂಬಂಧವುಂಟೇ ಎಂದು ಖಗೋಳಜ್ಞರೂ ಪರೀಕ್ಷಿಸಿದ್ದಾರೆ. ನಮ್ಮ ಆಟದಲ್ಲಿ ಅಲ್ಲೊಂದು ಬೇತಾಳವಿದೆ. ಅದು ಕಬ್ಬಿಣಯುಗದಿಂದ ಆ ಕಲ್ಲುಗಳನ್ನು ಎಣಿಸುತ್ತಲೇ ಇದೆ. ಮುಗಿಯುವ ಹೊತ್ತಿಗೆ ಸರಿಯಾಗಿ ಯಾರಾದರೂ ದಾರಿಹೋಕರು ಬಂದು ‘ಸುರಪುರಕ್ಕೆ ದಾರಿ ಯಾವುದು?’ ಎಂದು ಕೇಳಿ ಲೆಕ್ಕ ತಪ್ಪಿಸುತ್ತಾರೆ.

ಸುರಪುರದಲ್ಲಿರುವುದು ಮುನ್ಶಿಯ ಭೂತ. ನಾಯಕ ಅರಸರ ಈ ಸಂಸ್ಥಾನವು ರಾಜಾ ವೆಂಕಟಪ್ಪ ನಾಯಕರ 1858ರ ದಂಗೆಯ ತರುವಾಯ, 1860ರಲ್ಲಿ, ನಿಜಾಮರ ವಶವಾಯಿತೆಂಬುದು ಇತಿಹಾಸ. ಆ ಕಾಲದ ದಫ್ತರದಲ್ಲಿ ಕುಳಿತ ಒಬ್ಬ ಮುನ್ಶಿಯು, ತಾನು ಸತ್ತಿರುವ ವಿಷಯದಲ್ಲಿ ಮೇಲಿನಿಂದ ಹುಕುಂ ಬಾರದ ಕಾರಣ, ಇನ್ನೂ ಕೆಲಸ ಮಾಡುತ್ತಲೇ ಇದ್ದಾನೆಂಬುದು ನಮ್ಮ ಆಟ. ಊರ ಬಾಗಿಲನ್ನು ದಾಟಲು ಅವನಿಗೆ ಮೂರು ಪ್ರತಿಗಳಲ್ಲಿ ಅರ್ಜಿ ಕೊಡಬೇಕು.

ಸುರಪುರದ ಬಂಧುಗಳ ಮನೆಯ ಕಟ್ಟೆಯ ಮೇಲೆ ಈ ಆಟವನ್ನು ನಾವು ಆಡಿ ನೋಡಿದೆವು. ಮಾಮಾ ಸೂತ್ರಧಾರರಾದರು. ಹತ್ತು ವರುಷದ ಹುಡುಗನೊಬ್ಬನು ತೋಳನ್ನು ಆರಿಸಿಕೊಂಡನು. ಅವನ ಅಜ್ಜಿ, ಎಲ್ಲರೂ ಆಯಿ ಎಂದು ಕರೆಯುವ ಹಿರಿಯರು, ನಾಲಗೆಯನ್ನು ಆರಿಸಿಕೊಂಡರು. ಹುಡುಗನಿಗೆ ಭೀಮೆಯಲ್ಲಿಯೇ ಎರಡು ಬಟ್ಟಲು ಹೋದವು. ಅವನಿಗೆ ಅದು ಸಹಿಸಲಿಲ್ಲ, ಕವಡೆಯದೇ ತಪ್ಪೆಂದು ವಾದಿಸಿದನು. ಮುನ್ಶಿಯ ಮುಂದೆ ನಿಂತಾಗ ಆಯಿ ಎಸೆದ ಗರ ಬಾರಾ ಬಿತ್ತು. ಇನ್ನು ಕಥೆ ಅವರದು. ಅವರು ಕವಡೆಗಳನ್ನು ಒಟ್ಟುಮಾಡಿಕೊಳ್ಳುತ್ತ, ಎದುರಿಗೆ ಮುನ್ಶಿಯೇ ಕುಳಿತಿರುವನೆಂಬಂತೆ ಹೇಳಿದರು: “ಬರಿಯಾಕ ನನಗ ಕಣ್ಣು ಕಾಣಂಗಿಲ್ಲೋ ಯಪ್ಪಾ. ನಾ ಹೇಳ್ತೀನಿ, ನೀನ ಬರಕೋ. ಮದಲ ಒಂದು ಬಟ್ಟಲ ಮಜ್ಜಿಗಿ ಕುಡಿ; ಸತ್ತಾಗಿಂದ ಹಿಂಗ ಬಾಯಿ ಒಣಗಿಸ್ಕೊಂಡ ಕುಂತೀದಿ.”

ಬಟ್ಟಲು ಹೋಯಿತು, ನಿಯಮದಂತೆ. ಆದರೆ ಅದು ಚೆಲ್ಲಿದ ಮಜ್ಜಿಗೆಯಲ್ಲ, ಕೊಟ್ಟ ಮಜ್ಜಿಗೆ. ಮಾಮಾ ಒಂದು ಗಳಿಗೆ ಮಾತು ತೋಚದೆ ಕುಳಿತರು. ಬಳಿಕ, ಮುನ್ಶಿಯು ಬಟ್ಟಲನ್ನು ಕೆಳಗಿಟ್ಟು ಮೂರು ಪ್ರತಿಗಳನ್ನೂ ತಾನೇ ಬರೆಯತೊಡಗಿದನೆಂದರು. ಹುಡುಗನು ತನ್ನ ವಾದವನ್ನು ಮರೆತನು. ತನಗೂ ಒಂದು ಬಾರಾ ಬೀಳಲೆಂದು ಆಮೇಲೆ ಅವನು ಹಾರೈಸುತ್ತಿದ್ದುದನ್ನು ನಾವು ಕಂಡೆವು. ಹನ್ನೆರಡು ಗರಗಳ ಆಟದಲ್ಲಿ ಒಂದಾದರೂ ಬಾರಾ ಬೀಳುವ ಸಂಭವನೀಯತೆಯು, ಸಮನಾದ ಕವಡೆಯಾದರೆ, ನೂರಕ್ಕೆ 54. ನಲವತ್ತರ ಕವಡೆಯಾದರೆ 81. ವೀರನಿಗೆ ಕೇಡಾದ ಕವಡೆಯೇ ಕಥೆಗೆ ಒಳ್ಳೆಯದೆಂದಾಯಿತು.

ಇದೇ ಆಟವನ್ನು ಮೊಬೈಲ್ ಫೋನಿನಲ್ಲಿ ಆಡಬೇಕಾದರೆ ಯಂತ್ರವು ಕವಡೆಯನ್ನು ಎಸೆಯಬೇಕು. ಎಸೆಯುವುದಕ್ಕೆ ಅದಕ್ಕೆ ಕೈಯಿಲ್ಲ. ಹೇಳಿದ ಲೆಕ್ಕವನ್ನು ಹೇಳಿದಂತೆ ಮಾಡುವುದೊಂದೇ ಅದರ ಬಲ್ಲತನ. ಲೆಕ್ಕದಿಂದ ಅದೃಷ್ಟವನ್ನು ಹುಟ್ಟಿಸುವುದು ಹೇಗೆ? ಡಿ. ಎಚ್. ಲೆಹ್ಮರ್ ಎಂಬ ಅಮೆರಿಕದ ಗಣಿತಜ್ಞನು 1949ರಲ್ಲಿ ಸೂಚಿಸಿದ ಉಪಾಯದ ಒಂದು ರೂಪವನ್ನು ಬೆರಳೆಣಿಕೆಯಲ್ಲಿಯೇ ತೋರಿಸಬಹುದು. ಒಂದು ಸಂಖ್ಯೆಯನ್ನು ಹಿಡಿಯಿರಿ. ಅದನ್ನು 5ರಿಂದ ಗುಣಿಸಿ, 3ನ್ನು ಕೂಡಿಸಿ, 16ರಿಂದ ಭಾಗಿಸಿ, ಉಳಿದ ಶೇಷವನ್ನು ಬರೆಯಿರಿ. ಆ ಶೇಷದಿಂದ ಮತ್ತೆ ಅದೇ ಕೆಲಸ. ಒಂದರಿಂದ ಆರಂಭಿಸಿದರೆ 1, 8, 11, 10, 5, 12, 15, 14, 9, 0, 3, 2 ಎಂದು ಸಾಗಿ, 13, 4, 7, 6ರ ಬಳಿಕ ಮತ್ತೆ 1 ಬರುತ್ತದೆ. ಸೊನ್ನೆಯಿಂದ ಹದಿನೈದರವರೆಗಿನ ಹದಿನಾರೂ ಸಂಖ್ಯೆಗಳು ಕಲಸಿಹೋಗಿ ಒಂದೊಂದು ಸಲ ಬಂದವು.

ಹದಿನಾರು! ನಾಲ್ಕು ಕವಡೆಗಳ ಬಗೆಗಳೂ ಅಷ್ಟೇ ಅಲ್ಲವೇ? ಕವಡೆಗಳಿಗೆ ಕ್ರಮವಾಗಿ 8, 4, 2, 1 ಎಂಬ ಬೆಲೆಯನ್ನು ಕೊಡೋಣ. ಅಂಗಾತ ಬಿದ್ದವುಗಳ ಬೆಲೆಯನ್ನು ಕೂಡಿಸಿದರೆ ಪ್ರತಿಯೊಂದು ಗರಕ್ಕೂ ಒಂದೊಂದು ಸಂಖ್ಯೆ ದೊರೆಯುತ್ತದೆ. 11 ಎಂದರೆ 8, 2 ಮತ್ತು 1. ಮೂರು ಕವಡೆ ಅಂಗಾತ. 15 ಎಂದರೆ ಚೌಕ, 0 ಎಂದರೆ ಬಾರಾ. ಗಣಕಯಂತ್ರದ ದ್ವಿಮಾನ ಪದ್ಧತಿಯು ಇದೇ. ಮೇಲಿನ ಸಾಲನ್ನು ಈ ಕಣ್ಣಿನಿಂದ ಓದಿದರೆ ಒಂದು ಪೂರ್ತಿ ಆಟವೇ ಕಾಣುತ್ತದೆ. ಮೊದಲ ಎರಡು ಗರಗಳಲ್ಲಿ ಒಂದೊಂದೇ ಕವಡೆ. ವೀರನು ಯಾದಗಿರಿಯಲ್ಲಿಯೇ ಎರಡು ಬಟ್ಟಲು ಕಳೆದುಕೊಂಡನು. ಶಹಾಪುರದ ನಾಲ್ಕು ಗರಗಳೂ ಗೆಲವು, ಅದರಲ್ಲೊಂದು ಚೌಕ. ಹತ್ತನೆಯ ಗರ, ಸುರಪುರದಲ್ಲಿ, ಬಾರಾ. ಹನ್ನೆರಡನೆಯದರಲ್ಲಿ ಇನ್ನೊಂದು ಸೋಲು. ಎರಡು ಬಟ್ಟಲಿನೊಡನೆ ವೀರನು ಅತ್ತೆಮನೆಯನ್ನು ಸೇರಿದನು. ಒಂದರಿಂದ ಆರಂಭಿಸಿದ ಯಾರಿಗೇ ಆಗಲಿ, ಎಂದೇ ಆಗಲಿ, ಇದೇ ಕಥೆ. ಯಂತ್ರದ ಅದೃಷ್ಟವು ಮೊದಲೇ ಬರೆದಿಟ್ಟ ಹಣೆಬರಹ. ಯಾವ ಸಂಖ್ಯೆಯಿಂದ ಹೊರಡಬೇಕೆಂಬುದನ್ನು, ‘ಬೀಜ’ವೆಂದು ಕರೆಯುವ ಆ ಮೊದಲ ಸಂಖ್ಯೆಯನ್ನು, ಸಾಮಾನ್ಯವಾಗಿ ಗಡಿಯಾರದ ಆ ಕ್ಷಣದಿಂದ ಎತ್ತಿಕೊಳ್ಳುವುದರಿಂದ ಆಡುವವನಿಗೆ ಗುಟ್ಟು ತಿಳಿಯುವುದಿಲ್ಲ.

ನಮ್ಮ ಪುಟ್ಟ ಯಂತ್ರದಲ್ಲಿ ಒಂದು ಕುಂದೂ ಉಂಟು. ಸಾಲನ್ನು ಮತ್ತೆ ನೋಡಿರಿ: ಬೆಸ, ಸರಿ, ಬೆಸ, ಸರಿ. 1ರ ಬೆಲೆಯ ಕವಡೆಯು ತಪ್ಪದೆ ಒಮ್ಮೆ ಅಂಗಾತ, ಒಮ್ಮೆ ಬೋರಲು ಬೀಳುತ್ತಿದೆ! ಇಂತಹ ಕವಡೆಯನ್ನು ಕಟ್ಟೆಯ ಮೇಲೆ ಯಾರಾದರೂ ತಂದರೆ ಆಯಿ ಎರಡನೆಯ ಎಸೆತಕ್ಕೇ ಅದನ್ನು ಬೀದಿಗೆ ಎಸೆಯುತ್ತಿದ್ದರು. ಆದುದರಿಂದ ನಿಜವಾದ ಬಳಕೆಯಲ್ಲಿ ದೊಡ್ಡ ಸಂಖ್ಯೆಗಳನ್ನು ಹಿಡಿಯುತ್ತಾರೆ. 16807ರಿಂದ ಗುಣಿಸಿ 2147483647ರಿಂದ ಭಾಗಿಸುವ ಸೂತ್ರವೊಂದು 1980ರ ದಶಕದಲ್ಲಿ ಹೆಸರಾಗಿತ್ತು. ಇಂದಿನವು ಇನ್ನೂ ಜಟಿಲ.

ಹೀಗೆ ಅದೃಷ್ಟವನ್ನು ಯಂತ್ರಕ್ಕೆ ಕಲಿಸುವುದು ನಾಲ್ಕು ಸಾಲಿನ ಕೆಲಸ. ಮಜ್ಜಿಗೆಯ ಲೆಕ್ಕವಿಡುವುದು ಇನ್ನೂ ಸುಲಭ. ಆಯಿಯ ಮಾತನ್ನು ಅದರಲ್ಲಿ ತೋರಿಸುವುದೇ ಕಷ್ಟ.

ಜಪಾನಿನಲ್ಲಿ 1986ರಲ್ಲಿ ಹೊರಬಂದ ‘ಡ್ರ್ಯಾಗನ್ ಕ್ವೆಸ್ಟ್’ ಎಂಬ ಪಾತ್ರದಾಟದ ಚಿತ್ರ, ಸಂಗೀತ, ಕಥೆಗಳೆಲ್ಲವೂ 64 ಕಿಲೋಬೈಟ್ ಜಾಗದಲ್ಲಿ ಅಡಗಬೇಕಾಗಿತ್ತು. ಅಕ್ಷರಗಳನ್ನು ಇಡಲು ಸಹ ಸ್ಥಳವಿಲ್ಲದೆ, ಅವರು ತಮ್ಮ ಲಿಪಿಯ ಕೆಲವೇ ಅಕ್ಷರಗಳನ್ನು ಉಳಿಸಿಕೊಂಡು, ಆ ಅಕ್ಷರಗಳಿಗೆ ಒಗ್ಗುವ ಹೆಸರುಗಳನ್ನೇ ಆರಿಸಬೇಕಾಯಿತು. ಆಗಿನ ಆಟಗಳಲ್ಲಿ ಒಂದು ಅಕ್ಷರಕ್ಕೆ ಅಡ್ಡ ಎಂಟು, ಉದ್ದ ಎಂಟು ಚುಕ್ಕೆಗಳ ಮನೆ. ಇಂಗ್ಲಿಷಿಗೆ ಅದು ಸಾಕು. ಕೆಳಗೆ ಒತ್ತು, ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ ಇರುವ ನಮ್ಮ ಅಕ್ಷರವು ಆ ಮನೆಯಲ್ಲಿ ಕಾಲು ಚಾಚಲಾರದು. ಇಂದು ಜಾಗಕ್ಕೆ ಬರವಿಲ್ಲ. ಆದರೂ ಹಳೆಯ ಕಾಲದ ಸೊಗಸಿಗಾಗಿ ಚಿಕ್ಕ ಆಟಗಳನ್ನು ಮಾಡುವವರು ಆ ಚುಕ್ಕೆಯ ಅಕ್ಷರಗಳನ್ನೇ ಮೆಚ್ಚಿ ಬಳಸುತ್ತಾರೆ.

ತೊಡಕು ಅಲ್ಲಿಗೇ ಮುಗಿಯುವುದಿಲ್ಲ. 1991ರ ಯೂನಿಕೋಡ್ ಪದ್ಧತಿಯಲ್ಲಿ ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿಟ್ಟರು. ಅವುಗಳಲ್ಲಿ ಇರುವುದು ಬಿಡಿ ವರ್ಣಗಳು ಮತ್ತು ಚಿಹ್ನೆಗಳು ಮಾತ್ರ. ‘ಸ್ತ್ರೀ’ ಎಂಬ ಒಂದು ಅಕ್ಷರವು ಯಂತ್ರದ ಸ್ಮರಣೆಯಲ್ಲಿ ಆರು ಸಂಕೇತಗಳ ಸಾಲು. ಆ ಆರನ್ನು ಹೊಸೆದು ಒಂದು ಆಕಾರ ಮಾಡುವ ಕೆಲಸವನ್ನು ಬೇರೊಂದು ತಂತ್ರಾಂಶವು ಮಾಡಬೇಕು. ಅದಿಲ್ಲದ ಕಡೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಚೆಲ್ಲಾಡುತ್ತವೆ. ಯಾದಗಿರಿ, ಶಹಾಪುರ, ಸುರಪುರ ಎಂಬ ಮೂರು ಹೆಸರುಗಳಲ್ಲಿ ಒಂದಾದರೂ ಒತ್ತಕ್ಷರವಿಲ್ಲದಿರುವುದು ನಮ್ಮ ಪುಣ್ಯವೆಂದುಕೊಂಡರೆ, ಯಾದಗಿರಿಯಲ್ಲಿ ಎರಡು ಗುಡಿಸುಗಳಿವೆ; ಗುಡಿಸು ಬಂದಾಗ ‘ಗ’ಕಾರದ ತಲೆಕಟ್ಟು ಕರಗಬೇಕೆಂಬುದು ಆ ಮಂದಮತಿಗೆ ತಿಳಿಯದು. ಒಂಟಿ ಕೈಯಿಂದ ಆಟ ಕಟ್ಟುವವರು ನೆಚ್ಚುವ ಉಚಿತ ಸಾಧನಗಳಲ್ಲೊಂದಾದ ‘ಗೋಡೋ’ಕ್ಕೆ ಈ ಹೊಸೆಯುವ ವಿದ್ಯೆಯು ದೊರೆತದ್ದು 2023ರಲ್ಲಿ, ಅದರ ನಾಲ್ಕನೆಯ ಆವೃತ್ತಿಯಲ್ಲಿ. ಯೂನಿಕೋಡ್ ಬಂದು ಮೂವತ್ತೆರಡು ವರುಷಗಳ ಮೇಲೆ!

ಹೊಸೆಯುವಿಕೆ ದೊರೆತ ಮೇಲೂ ನಗೆಗೆ ಒಂದು ವಿಘ್ನವುಳಿಯುತ್ತದೆ. ಈ ಆಟಗಳಲ್ಲಿ ಪಾತ್ರದ ಮಾತು ಒಂದೇ ಸಲಕ್ಕೆ ಕಾಣಿಸದೆ, ಟೈಪ್‌ರೈಟರಿನಲ್ಲಿ ಹೊಡೆದಂತೆ, ಅಕ್ಷರ ಅಕ್ಷರವಾಗಿ ಮೂಡುತ್ತದೆ. ಹಾಸ್ಯದ ಮಾತಿನಲ್ಲಿ ಎಲ್ಲಿ ನಿಲ್ಲಬೇಕು, ಎಲ್ಲಿ ಓಡಬೇಕೆಂಬುದು ಇದರ ಮೇಲೆಯೇ ನಿಂತಿದೆ. ಸಂಕೇತಕ್ಕೊಂದರಂತೆ ಮೂಡಿಸಿದರೆ ‘ಸ್ತ್ರೀ’ ಎಂಬುದು ಮೊದಲು ಸ, ಬಳಿಕ ಸ್, ಸ್ತ, ಸ್ತ್, ಸ್ತ್ರ ಎಂದು ಬಹುರೂಪಿಯಂತೆ ಐದು ವೇಷ ಹಾಕಿ ಆರನೆಯದಕ್ಕೆ ನಿಲ್ಲುತ್ತದೆ. ಓದುವವನು ಮಾತಿಗೆ ನಗುವ ಬದಲು ಅಕ್ಷರಕ್ಕೆ ನಗುತ್ತಾನೆ. ಸಂಕೇತವನ್ನು ಬಿಟ್ಟು ಅಕ್ಷರವನ್ನೇ ಎಣಿಸುವಂತೆ ಯಂತ್ರಕ್ಕೆ ಹೇಳಬೇಕು. ಅದು ಬಲು ದೊಡ್ಡ ಕೆಲಸವೇನಲ್ಲ. ಆದರೆ ಕನ್ನಡವನ್ನು ಓದಬಲ್ಲವನು ಪಕ್ಕದಲ್ಲಿ ಕುಳಿತಲ್ಲದೆ ಅಂತಹ ಕೆಲಸವೊಂದು ಉಂಟೆಂಬುದೇ ಯಾರಿಗೂ ತೋಚುವುದಿಲ್ಲ.

ಅನುವಾದದಿಂದ ಕೆಲಸ ಸಾಗದೇ ಎಂದರೆ, ಗಂಭೀರವಾದ ಕಥೆಗಾದರೆ ಸಾಗೀತು. ‘ಒಳಗೆ ಬಿಡು’ ಎಂಬುದನ್ನು ಯಾವ ಭಾಷೆಯಿಂದಲೂ ತರಬಹುದು. ಸತ್ತ ಗುಮಾಸ್ತನನ್ನು ‘ಯಪ್ಪಾ’ ಎಂದು ಕರೆದು ಮಜ್ಜಿಗೆ ಕುಡಿಸುವ ಮಾತು ಸುರಪುರದ ಕಟ್ಟೆಯ ಮೇಲೆಯೇ ಹುಟ್ಟಬೇಕು. ಅಲ್ಲಿನ ಮಕ್ಕಳು ಈಗ ಫೋನಿನಲ್ಲಿ ಆಡುವ ಪಾತ್ರದಾಟಗಳ ಭೂತಗಳು ಇಂಗ್ಲಿಷಿನಲ್ಲಿ ನಗೆಯಾಡುತ್ತವೆ. ಮಕ್ಕಳು ಆ ಭಾಗವನ್ನು ಓದದೆ ಒತ್ತಿ ಮುಂದಕ್ಕೆ ಹೋಗುತ್ತಾರೆ, ಕಾದಾಟ ಬಂದಾಗ ನಿಲ್ಲುತ್ತಾರೆ.

ನಮ್ಮ ಆಟದ ಹಾಳೆಯನ್ನು ಆ ಹುಡುಗನು ತನ್ನಲ್ಲಿಯೇ ಇಟ್ಟುಕೊಂಡನು. ಮರುದಿನ ನೋಡಿದಾಗ ಅದರ ಹಿಂಬದಿಯಲ್ಲಿ ಸೀಸದ ಕಡ್ಡಿಯಿಂದ ನಾಲ್ಕನೆಯ ಊರನ್ನು ಸೇರಿಸಿದ್ದನು: ಹುಣಸಗಿ. ಅಲ್ಲಿ ಪ್ರಾಚೀನ ಶಿಲಾಯುಗದ ಜನರು ಬಳಸಿದ ಕಲ್ಲಿನ ಆಯುಧಗಳು ದೊರೆತಿವೆಯೆಂದು ಅವನಿಗೆ ಶಾಲೆಯಲ್ಲಿ ಹೇಳಿದ್ದಾರಂತೆ. ಅಲ್ಲಿನ ಭೂತಕ್ಕೆ ಮಾತೇ ಬಾರದು, ಸನ್ನೆ ಮಾತ್ರ. ಆದುದರಿಂದ ಆಯಿಯ ನಾಲಗೆ ಅಲ್ಲಿ ನಡೆಯದೆಂದು ಅವನು ಕೆಳಗೆ ಗೆರೆ ಎಳೆದು ಬರೆದಿದ್ದನು. ನಾಲ್ಕು ಊರಾದರೆ ಹದಿನಾರು ಗರ. ಆರು ಬಟ್ಟಲು ಅದಕ್ಕೆ ಸಾಲದು. ಎಷ್ಟು ಬೇಕೆಂಬುದನ್ನು ವಾಚಕರು ಲೆಕ್ಕ ಮಾಡಬಹುದು.